ಗೋಡೆಯಾಚೆಯ ಅಣ್ಣಂದಿರು

ಕೋಣೆಯನ್ನು ಬಾಡಿಗೆಗೆ ಕೊಡುವುದೆಂದು ಸೊಸೆ ತೀರ್ಮಾನಿಸಿದ್ದು ಒಂದು ಸೋಮವಾರ, ಬೇಳೆ ತೊಳೆದು ಕುಕ್ಕರಿಗೆ ಹಾಕುವಾಗ. ಗಂಡನಿಗೆ ಹೇಳಿದ್ದು ಕುಕ್ಕರ್ ಮೂರು ಸಲ ಕೂಗಿದ ಮೇಲೆ. ಅಷ್ಟು ಹೊತ್ತಿಗೆ ಮಗಳ ಪುಸ್ತಕಗಳೆಲ್ಲ ನಡುಮನೆಯ ಸೋಫಾದ ಹಿಂದೆ ಸಾಲಾಗಿ ಕೂತಿದ್ದವು. ಅಜ್ಜಿಯ ಹಾಸಿಗೆ ಟಿವಿ ಇದ್ದ ಜಾಗಕ್ಕೆ ಬಂದಿತ್ತು. ಟಿವಿ ಹಿಂದಿನ ವಾರವೇ ಮೂರನೇ ಮಹಡಿಯವರ ಮನೆ ಸೇರಿತ್ತು.

"ಯಾರನ್ನ ಕೇಳಿ ಮಾಡಿದೆ?" ಅಂದ ಅವನು.

"ಅಕ್ಕಿ ಡಬ್ಬ ಕೇಳಿ ಮಾಡಿದೆ," ಅಂದಳು ಸೊಸೆ.

ಮೂವತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು ಅಜ್ಜಿ. ಯಾವಾಗ ಬಾಯಿ ಮುಚ್ಚಿಕೊಂಡು ಬಿಸಿನೀರು ತರಬೇಕು ಅನ್ನುವುದು ಗೊತ್ತಿತ್ತು. ಎದ್ದು ಹೋಗಿ ನಾಲ್ಕು ತಟ್ಟೆ ಇಟ್ಟಳು.

ಮಗ ಹದಿನಾಲ್ಕು ವರ್ಷದ ಹಿಂದೆ ಈ ಪರದೇಶಕ್ಕೆ ಬಂದವನು. ದೊಡ್ಡ ಕಟ್ಟಡಗಳಿಗೆ ತಣ್ಣನೆ ಗಾಳಿಯ ಕೊಳವೆ ಹಾಕಿಸುವ ಮೇಸ್ತ್ರಿ, ಕೈ ಕೆಳಗೆ ನಲವತ್ತು ಜನ. ವ್ಯಾಪಾರ ಬಿದ್ದುಹೋಗಿ ಕಂಪನಿಯ ಹನ್ನೊಂದು ಕಟ್ಟಡಗಳು ಅರ್ಧಕ್ಕೇ ನಿಂತವು. ಕ್ರೇನುಗಳು ಕೈ ಚಾಚಿದ್ದು ಚಾಚಿದ ಹಾಗೇ ಉಳಿದವು. ಮೊದಲು ನಲವತ್ತು ಜನಕ್ಕೆ ಕಾಗದ ಬಂತು, ಆಮೇಲೆ ಮೇಸ್ತ್ರಿಗೂ ಬಂತು. ಒಳ್ಳೆಯ ದಿನಗಳಲ್ಲಿ ಬ್ಯಾಂಕಿನವರು ಮನೆ ಬಾಗಿಲಿಗೇ ಬಂದು ಕೊಟ್ಟಿದ್ದ ಸಾಲ ಮಾತ್ರ ನಿಲ್ಲದೆ ಬೆಳೆಯುತ್ತಿತ್ತು. ಅದರಲ್ಲಿ ಕಾರು ಇತ್ತು, ಸೋಫಾ ಇತ್ತು, ಮೊಮ್ಮಗಳ ಶಾಲೆಯ ಫೀಸು ಇತ್ತು. ಅಜ್ಜಿಯ ಎರಡು ಕಣ್ಣಿನ ಪೊರೆ ತೆಗೆಸಿದ ಖರ್ಚೂ ಇತ್ತು. ಅದನ್ನು ಯಾರೂ ಆಕೆಯ ಮುಂದೆ ಎತ್ತಿ ಆಡಿರಲಿಲ್ಲ. ಆದರೂ ಸೋಫಾದ ಬೆಲೆಯ ಮಾತು ಬಂದಾಗಲೆಲ್ಲ ಅಜ್ಜಿ ಕನ್ನಡಕ ತೆಗೆದು ಒರೆಸುತ್ತಿದ್ದಳು.

ಮೊಮ್ಮಗಳ ಹತ್ತನೆಯ ಕ್ಲಾಸಿನ ಪರೀಕ್ಷೆಗೆ ಏಳು ವಾರ ಇತ್ತು. ಅದನ್ನು ಬರೆಯದೆ ಹೊರಟರೆ ಎರಡು ವರ್ಷದ ಓದು ನೀರಿಗೆ ಬಿದ್ದ ಹಾಗೆ. ಬರೆಯುವ ತನಕ ಇರೋಣವೆಂದರೆ ಕೈಯಲ್ಲಿ ಬಿಡಿಕಾಸಿಲ್ಲ. ಅದಕ್ಕೇ ಕೋಣೆ.

ಕೋಣೆಗೆ ಬಂದವಳು ನಮ್ಮ ಭಾಷೆಯವಳೇ, ಇಪ್ಪತ್ತಾರರ ಹುಡುಗಿ. ಫೋನಿನ ಆಫೀಸಿನಲ್ಲಿ ಕೆಲಸ ಅಂದಳು. ಎರಡು ತಿಂಗಳ ಬಾಡಿಗೆ ಮುಂಗಡ ಎಣಿಸಿಕೊಟ್ಟಳು, ಊಟಕ್ಕೆ ಬೇರೆ ಕೊಟ್ಟಳು. ಮೊದಲ ದಿನವೇ ಸೊಸೆಯನ್ನು ಅತ್ತಿಗೆ, ಮಗನನ್ನು ಅಣ್ಣ, ಅಜ್ಜಿಯನ್ನು ಅಮ್ಮ ಅಂದಳು. ನಿಂತೇ ಉಣ್ಣುತ್ತಿದ್ದಳು, ಯಾರೋ ಕರೆದರೆ ಓಡಬೇಕು ಅನ್ನುವ ಹಾಗೆ.

"ಕೂತ್ಕೊಂಡು ತಿನ್ನಮ್ಮ, ಅನ್ನ ಎಲ್ಲೂ ಓಡಿಹೋಗಲ್ಲ," ಅಂದಳು ಅಜ್ಜಿ.

"ಕೂತರೆ ಹೊತ್ತಾಗುತ್ತೆ ಅಮ್ಮ," ಅಂತ ನಕ್ಕಳು.

ಅವಳ ಆಫೀಸಿನಲ್ಲೂ ಜಾಗ ಕಡಿಮೆ ಮಾಡಿದ್ದರಂತೆ. ವಾರದಲ್ಲಿ ಎರಡು ದಿನ ಕೋಣೆಯಲ್ಲೇ ಕೂತು ಕೆಲಸ. ಗೋಡೆ ಅಂದರೆ ಅದೇನು ಗೋಡೆ, ಹಲಗೆಗೆ ಬಣ್ಣ ಬಳಿದದ್ದು. ಅಜ್ಜಿ ಈಚೆ ಕೂತು ಅಕ್ಕಿ ಆರಿಸಿದರೆ ಆಚೆಯ ಮಾತೆಲ್ಲ ಕಿವಿಗೆ ಬಂದು ಬೀಳುತ್ತಿತ್ತು.

"ಅಣ್ಣಾ, ನಮಸ್ಕಾರ, ಊಟ ಆಯ್ತಾ? ಹೌದಾ, ಜ್ವರಾನಾ? ಮೈ ನೋಡ್ಕೊಳ್ಳಿ ಅಣ್ಣ."

ಸಂಜೆ ಅಜ್ಜಿ ಸೊಸೆಗೆ ಹೇಳಿದಳು. "ತುಂಬಿದ ಮನೆಯ ಹುಡುಗಿ ಕಣೇ. ಬೆಳಗ್ಗೆಯಿಂದ ಹದಿನೇಳು ಜನ ಅಣ್ಣಂದಿರ ಹತ್ರ ಮಾತಾಡಿದಳು. ಒಬ್ಬೊಬ್ಬರನ್ನೂ ಊಟ ಆಯ್ತಾ ಅಂತ ಕೇಳ್ತಾಳೆ."

ಲೆಕ್ಕ ಮಾಡುತ್ತ ಕೂತಿದ್ದ ಮೊಮ್ಮಗಳು ಪೆನ್ಸಿಲ್ ಕೆಳಗಿಟ್ಟಳು. "ಅಜ್ಜಿ, ಹದಿನೇಳು ಹೆತ್ತ ತಾಯೀನ ನಿಮ್ಮ ಆಸ್ಪತ್ರೇಲಿ ಯಾವ ವಾರ್ಡಿಗೆ ಹಾಕ್ತಿದ್ರು?"

ಆ ವಾರ ಮನೆಯಲ್ಲಿ ನಗು ಕೇಳಿದ್ದು ಅದೊಂದೇ ಸಲ.

ಎರಡನೆಯ ವಾರ ಅಜ್ಜಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳತೊಡಗಿದಳು. ಊಟದ ಮಾತು ಮುಗಿದ ಕೂಡಲೇ ಹುಡುಗಿಯ ದನಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಿತ್ತು. "ಈ ಕರೆ ರೆಕಾರ್ಡ್ ಆಗ್ತಿದೆ ಅಣ್ಣ. ಮೂರು ಕಂತು ನಿಂತಿದೆ." ಅಷ್ಟೇ ಮೆತ್ತಗೆ, ಅಷ್ಟೇ ಅಕ್ಕರೆಯಿಂದ. ಬೈಗುಳವಿಲ್ಲ, ಗದರಿಕೆಯಿಲ್ಲ. ಮುದುಕಿಯರು ಫೋನ್ ಎತ್ತಿದರೆ ಮಾತ್ರ ಹಣದ ಸುದ್ದಿಯೇ ಇಲ್ಲ. "ಅಮ್ಮಾ, ಮಂಡಿ ನೋವು ಹೇಗಿದೆ? ಊರಿಗೆ ಯಾವಾಗ ಹೊರಡ್ತೀರಿ? ಹತ್ತನೇ ತಾರೀಕಾ? ಎಲ್ಲರೂ ಹೋಗ್ತಿದೀರಾ? ಒಳ್ಳೇದಾಯ್ತಮ್ಮ, ಹೋಗಿ ಬನ್ನಿ." ಆಮೇಲೆ ಟಕಟಕ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು.

ಅವತ್ತು ಪಾತ್ರೆ ತೊಳೆಯುವಾಗ ಅಜ್ಜಿ ಕೇಳಿಯೇಬಿಟ್ಟಳು. ಹುಡುಗಿ ಮುಚ್ಚುಮರೆ ಮಾಡಲಿಲ್ಲ. ಬ್ಯಾಂಕುಗಳು ವಸೂಲಿಯನ್ನು ತಮ್ಮ ಕಂಪನಿಗೆ ಗುತ್ತಿಗೆ ಕೊಟ್ಟಿವೆ, ಒಂದೊಂದು ಭಾಷೆಗೆ ಒಬ್ಬೊಬ್ಬರು, ನಮ್ಮ ಭಾಷೆಯ ಫೈಲುಗಳೆಲ್ಲ ತನಗೇ ಬರುತ್ತವೆ ಅಂದಳು. ಹೆಸರು ಗೊತ್ತಿರುವುದಿಲ್ಲ, ಕಂಪ್ಯೂಟರೇ ನಂಬರು ಒತ್ತುತ್ತದೆ, ಫೋನ್ ಎತ್ತಿದ ಮೇಲೇ ಫೈಲು ತೆರೆದುಕೊಳ್ಳುತ್ತದೆ.

"ಊರಿಗೆ ಯಾವಾಗ ಅಂತ ಯಾಕೆ ಕೇಳ್ತೀಯ?"

"ತಾರೀಕು ಬರೆದು ಕಳಿಸಿದ್ರೆ ಮಾರನೇ ದಿನ ವಿಮಾನ ನಿಲ್ದಾಣದಲ್ಲಿ ಅವರ ಹೆಸರು ಬಿದ್ದಿರುತ್ತೆ ಅಮ್ಮ. ದೇಶ ಬಿಡೋ ಹಾಗಿಲ್ಲ."

"ಆ ತಾಯಿಗೆ ಅದು ಗೊತ್ತಾ?"

"ಗೊತ್ತಾದ್ರೆ ಹೇಳ್ತಾರಾ?" ಹುಡುಗಿ ಲೋಟವನ್ನು ಎರಡನೆಯ ಸಲ ತೊಳೆದಳು. "ತಮ್ಮ ಭಾಷೇಲಿ ಅಣ್ಣ, ಅಮ್ಮ ಅಂದ್ರೆ ಬಾಯಿ ಬಿಡ್ತಾರೆ. ಅದಕ್ಕೇ ನನ್ನ ಇಟ್ಕೊಂಡಿರೋದು. ತಿಂಗಳಿಗೆ ಇಷ್ಟು ಜನ ಅಂತ ಲೆಕ್ಕ ಇದೆ. ತಪ್ಪಿದ್ರೆ ನನ್ನ ವೀಸಾನೂ ಹೋಗುತ್ತೆ."

ಅಜ್ಜಿ ಸೊಸೆಗೆ ಹೇಳಿದಳು. ಮಡಿಲಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತಲ್ಲ, ಇವತ್ತೇ ಗಂಟುಮೂಟೆ ಕಟ್ಟಿಸಬೇಕು ಅಂದಳು ಸೊಸೆ. ಆಮೇಲೆ ಮುಂಗಡದ ದುಡ್ಡು ಎಲ್ಲೆಲ್ಲಿಗೆ ಹೋಗಿದೆ ಎಂದು ಬೆರಳು ಮಡಿಚುತ್ತ ಹೋದಳು. ಪರೀಕ್ಷೆಯ ಶುಲ್ಕ, ಗ್ಯಾಸು, ಕರೆಂಟು. ಹಿಂದಿರುಗಿಸಲು ಏನೂ ಉಳಿದಿರಲಿಲ್ಲ.

"ನಿಮ್ಮ ಮಗನಿಗೆ ಹೇಳಬೇಡಿ ಅತ್ತೆ. ಮೊದಲೇ ಒಂದು ಕಡೆ ಕೂರಲ್ಲ."

ಕೂರುತ್ತಿರಲಿಲ್ಲ, ನಿಜ. ಬೆಳಗ್ಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋಗಿ ಹತ್ತು ಅಂಗಡಿ ಸುತ್ತಿ ಬರುತ್ತಿದ್ದ. ಬಂದವನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದ. ಲಿಫ್ಟ್ ತಮ್ಮ ಐದನೇ ಮಹಡಿಯಲ್ಲಿ ನಿಂತ ಸದ್ದಾದರೆ ಮನೆಯವರೆಲ್ಲ ಕೈಯಲ್ಲಿದ್ದ ತುತ್ತನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಲಿಫ್ಟ್ ಮೇಲೆ ಹೋದ ಮೇಲೆ ಮತ್ತೆ ಊಟ.

ನಾಲ್ಕನೆಯ ವಾರ ಮೀಸೆ ಬಂದ. ಮಗನ ಹಳೆಯ ಗೆಳೆಯ, ಟ್ಯಾಕ್ಸಿ ಓಡಿಸುತ್ತಿದ್ದವನು, ಎಲ್ಲರ ಬಾಯಲ್ಲೂ ಅವನ ಹೆಸರು ಮೀಸೆ ಅಂತಲೇ. ಹೆಂಡತಿ ಮಕ್ಕಳೊಂದಿಗೆ ಸದ್ದಿಲ್ಲದೆ ಊರಿಗೆ ಹೊರಟಿದ್ದಾನೆ ಎಂದು ಕೇಳಿದ್ದರು. ಈಗ ಒಬ್ಬನೇ ಬಂದು ಸೋಫಾದ ತುದಿಯಲ್ಲಿ ಕೂತು ಚಹಾದಲ್ಲಿ ಬ್ರೆಡ್ ಅದ್ದಿ ಅದ್ದಿ ತಿಂದ.

"ಕೌಂಟರಿನವನು ಕಂಪ್ಯೂಟರ್ ನೋಡಿದ, ನನ್ನ ನೋಡಿದ. ಸ್ವಲ್ಪ ಪಕ್ಕಕ್ಕೆ ಬನ್ನಿ ಅಂದ. ಪಕ್ಕಕ್ಕೆ ಬಂದವನು ಇನ್ನೂ ಪಕ್ಕದಲ್ಲೇ ಇದೀನಿ ನೋಡಿ ಅಮ್ಮ."

ಒಂಬತ್ತು ದಿನ ಒಳಗಿಟ್ಟಿದ್ದರಂತೆ. ಹೆಂಡತಿ ಮಕ್ಕಳ ಸಾಮಾನು ಆಗಲೇ ವಿಮಾನ ಹತ್ತಿತ್ತು, ಅವರೂ ಹತ್ತಲೇಬೇಕಾಯಿತು. ಚಿಕ್ಕವನು ಗಾಜಿನ ಬಾಗಿಲಿನ ತನಕ ತಿರುಗಿ ತಿರುಗಿ ನೋಡುತ್ತ ಹೋದ ಅಂದ. ಅಷ್ಟು ಹೇಳಿ ಇನ್ನೊಂದು ಬ್ರೆಡ್ ತೆಗೆದುಕೊಂಡ.

ಮೀಸೆ ಹೋದ ಮೇಲೆ ಮಗ ಬಾಗಿಲು ಹಾಕಿ, ಕೋಣೆ ಖಾಲಿಯಿದೆಯೇ ಎಂದು ನೋಡಿ ಬಂದು, ತನ್ನ ಯೋಚನೆ ಹೊರಗಿಟ್ಟ. ಮೀಸೆ ತಡ ಮಾಡಿದ, ತಾನು ಮಾಡುವುದಿಲ್ಲ. ಪರೀಕ್ಷೆ ಮುಗಿಯುವುದು ಬುಧವಾರ ಮಧ್ಯಾಹ್ನ. ಅವತ್ತೇ ಸಂಜೆ ಐದರ ವಿಮಾನಕ್ಕೆ ನಾಲ್ಕು ಟಿಕೆಟ್ ಆಗಿದೆ, ಸೊಸೆಯ ಬಳೆ ಅದಕ್ಕೇ ಹೋಗಿದ್ದು. ಕಾರನ್ನು ವಿಮಾನ ನಿಲ್ದಾಣದಲ್ಲೇ ನಿಲ್ಲಿಸಿ ಕೀಲಿ ಸೀಟಿನ ಮೇಲಿಟ್ಟು ಹೋಗುವುದು. ಆಮೇಲೆ ಯಾರು ಯಾರನ್ನು ಹಿಡಿಯುತ್ತಾರೆ?

"ಕೋಣೆ ಹುಡುಗಿಗೆ ಗೊತ್ತಾಗಬಾರದು," ಅಂದ. "ಮುಂಗಡ ವಾಪಸ್ ಕೇಳ್ತಾಳೆ."

ಸೊಸೆ ಅಜ್ಜಿಯನ್ನು ನೋಡಿದಳು, ಅಜ್ಜಿ ನೆಲ ನೋಡಿದಳು.

"ಅವಳಿಗಿನ್ನೂ ಬಾಡಿಗೆ ದಿನ ಉಳಿದಿರುತ್ತಲ್ಲೋ," ಅಂದಳು ಅಜ್ಜಿ. "ನಾವು ಹೋದ ಮೇಲೆ ಮನೆ ಯಜಮಾನ ಬಂದು ಬೀಗ ಹಾಕಿದ್ರೆ ಆ ಹುಡುಗಿ ಎಲ್ಲಿಗೆ ಹೋಗಬೇಕು?"

"ಅಮ್ಮ, ನನಗೆ ನನ್ನ ಮಗಳು ಎಲ್ಲಿಗೆ ಹೋಗಬೇಕು ಅನ್ನೋದೇ ಸಾಕಾಗಿದೆ."

ಪರೀಕ್ಷೆ ಶುರುವಾಗಲು ಎರಡು ದಿನ, ಮುಗಿಯಲು ಹನ್ನೆರಡು ದಿನ ಇದ್ದ ಒಂದು ಶುಕ್ರವಾರ ಮಧ್ಯಾಹ್ನ ಅಜ್ಜಿ ಬಾಲ್ಕನಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಸೊಸೆ ಮಾರಲು ಹೊಲಿಗೆ ಮೆಷಿನ್ ಹೊತ್ತು ಹೋಗಿದ್ದಳು. ಮೊಮ್ಮಗಳು ಒಳಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಅಜ್ಜಿಯ ಫೋನು ಸದ್ದು ಮಾಡಿತು. ಎರಡು ವರ್ಷದ ಹಿಂದೆ, ಆಕೆ ಈ ದೇಶಕ್ಕೆ ಬಂದ ವಾರವೇ ಮಗ ಕೊಡಿಸಿದ್ದ ಫೋನದು. ಅದೇ ವಾರ ಅವನು ಬ್ಯಾಂಕಿನ ಅರ್ಜಿ ತುಂಬಿದ್ದ. ಹತ್ತಿರದ ಸಂಬಂಧಿ ಅನ್ನುವ ಕಡೆ ತಾಯಿಯ ಹೊಸ ನಂಬರು ಬರೆದಿದ್ದ, ಬರೆದು ಮರೆತಿದ್ದ.

"ಅಮ್ಮಾ, ನಮಸ್ಕಾರ, ಊಟ ಆಯ್ತಾ?"

ಅಜ್ಜಿ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಇಟ್ಟುಕೊಂಡಳು. ಬೆಳಗ್ಗೆ ತಾನೇ ಕಟ್ಟಿಕೊಟ್ಟ ಡಬ್ಬಿ ಕಣ್ಣ ಮುಂದೆ ಬಂತು. ಅನ್ನ, ಬೇಳೆ, ಒಂದು ಬೇಯಿಸಿದ ಮೊಟ್ಟೆ.

"ನಂದು ಆಯ್ತಮ್ಮ. ನೀನು ಡಬ್ಬಿ ತೆಗೆದ್ಯಾ?"

ಆಚೆ ಟಕಟಕ ಸದ್ದು ನಿಂತಿತು. ಅದರ ಹಿಂದೆ ಬೇರೆ ಬೇರೆ ಹುಡುಗಿಯರು ಬೇರೆ ಬೇರೆ ಭಾಷೆಯಲ್ಲಿ ಬಹುಶಃ ಅದೇ ಮಾತು ಕೇಳುತ್ತಿದ್ದ ಗಲಗಲ.

"ಅಮ್ಮಾ," ಅಂದಳು ಹುಡುಗಿ. "ಈ ಕರೆ ರೆಕಾರ್ಡ್ ಆಗ್ತಿದೆ."

"ಆಗಲಿ. ಕೇಳು."

ಹುಡುಗಿ ಮಗನ ಪೂರ್ತಿ ಹೆಸರು ಓದಿದಳು, ಅಪ್ಪನ ಹೆಸರೂ ಸೇರಿಸಿ. ಹಾಗೆ ಅವನನ್ನು ಮನೆಯಲ್ಲಿ ಯಾರೂ ಕರೆದದ್ದಿಲ್ಲ. ಓದುವವಳ ದನಿ ನಡುವೆ ಎಡವಿತು. ಇವರು ನಿಮಗೆ ಏನಾಗಬೇಕು ಅಂತ ಕೇಳಿದಳು. ಮಗ ಅಂದಳು ಅಜ್ಜಿ. ಎಲ್ಲಿದ್ದಾರೆ ಅಂತ ಕೇಳಿದಳು. ಕೆಲಸ ಹುಡುಕಲು ಹೋಗಿದ್ದಾನೆ ಅಂದಳು. ಐದು ಕಂತು ನಿಂತಿದೆ, ಸೋಮವಾರ ಫೈಲು ಪೊಲೀಸಿಗೆ ಹೋಗುತ್ತದೆ ಅಂತ ಹುಡುಗಿ ಓದಿ ಹೇಳಿದಳು. ಕೇಳಲೇಬೇಕಾದ ಮಾತು ಇನ್ನೂ ಉಳಿದಿತ್ತು.

"ಅಮ್ಮಾ, ಊರಿಗೆ ಯಾವಾಗ ಹೊರಡ್ತೀರಿ?"

ಅಜ್ಜಿಯ ಕೈಯಲ್ಲಿ ಹುರುಳಿಕಾಯಿ ಹಾಗೇ ಇತ್ತು. ಗೊತ್ತಿಲ್ಲ ಅಂದುಬಿಡಬಹುದಿತ್ತು. ವಾರ್ಡಿನ ಹೊರಗೆ ಕಾಯುತ್ತಿದ್ದ ಗಂಡಂದಿರಿಗೆ ಮೂವತ್ತು ವರ್ಷ ಆಕೆ ಅದನ್ನೇ ಹೇಳಿದ್ದಳು, ಡಾಕ್ಟರು ಬಂದು ಹೇಳ್ತಾರೆ, ನನಗೇನೂ ಗೊತ್ತಿಲ್ಲ. ಒಳಗೆ ಮೊಮ್ಮಗಳು ಓದಿದ್ದನ್ನೇ ಓದುತ್ತಿದ್ದಳು. ಸೋಮವಾರ, ಅಂತ ಅಜ್ಜಿ ಲೆಕ್ಕ ಹಾಕಿದಳು. ಟಿಕೆಟ್ಟು ಅದರ ಮುಂದಿನ ವಾರದ ಬುಧವಾರಕ್ಕೆ. ಗಾಜಿನ ಬಾಗಿಲಿನ ತನಕ ತಿರುಗಿ ತಿರುಗಿ ನೋಡುತ್ತ ಹೋದ ಮೀಸೆಯ ಮಗ ನೆನಪಾದ.

"ಬರ್ಕೋ," ಅಂದಳು. "ಪರೀಕ್ಷೆ ಮುಗಿದ ದಿನ ನಾನು, ನನ್ನ ಸೊಸೆ, ನನ್ನ ಮೊಮ್ಮಗಳು ಹೋಗ್ತೀವಿ. ಮಗ ಹೋಗಲ್ಲ. ಅವನು ಇಲ್ಲೇ ಇದ್ದು ತೀರಿಸ್ತಾನೆ. ಬ್ಯಾಂಕು ತೆಗೆದ ದಿನ ಅವನೇ ಬರ್ತಾನೆ. ಅವನ ತಾಯಿ ಹೇಳಿದಳು ಅಂತ ಬರ್ಕೋ."

ಕೀಲಿಯ ಸದ್ದು ನಿಧಾನಕ್ಕೆ, ಒಂದೊಂದೇ ಅಕ್ಷರವಾಗಿ ಕೇಳಿಸಿತು.

ಅವತ್ತು ಸಂಜೆ ಕೋಣೆಯ ಹುಡುಗಿ ಕೈಯಲ್ಲಿ ಕೀಲಿಯಿದ್ದರೂ ಬೆಲ್ ಒತ್ತಿದಳು. ಅಷ್ಟರೊಳಗೆ ಅಜ್ಜಿ ಮಗ ಸೊಸೆ ಇಬ್ಬರನ್ನೂ ಕೂರಿಸಿ ಎಲ್ಲ ಹೇಳಿ ಮುಗಿಸಿದ್ದಳು. ಹುಡುಗಿಯ ಕೆಲಸ ಏನೆಂದು ಮಗನಿಗೆ ತಿಳಿದದ್ದೂ ಆಗಲೇ. ಅವನು ಕಿಟಕಿಯ ಹತ್ತಿರ ನಿಂತವನು ತಿರುಗಲಿಲ್ಲ.

"ನಮ್ಮ ಮನೆ ಅನ್ನ ತಿಂದು," ಅಂದ.

"ದುಡ್ಡು ಕೊಟ್ಟು ತಿಂದಿದಾಳೆ," ಅಂದಳು ಅಜ್ಜಿ. "ಓಡಿಹೋಗಿದ್ರೆ ಅವಳದ್ದು ತಿಂದು ಹೋಗ್ತಿದ್ದೋರು ನಾವು."

"ನೀನು ಸುಮ್ನಿರಮ್ಮ. ಬೇರೆ ಯಾರೂ ಬೇಡ, ನನ್ನನ್ನ ಹಿಡಿದುಕೊಟ್ಟಿದ್ದು ನೀನೇ."

ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿ ಏರಲಿಲ್ಲ. "ನಿಮ್ಮ ಮಗನ್ನ ನೀವೇ ಒತ್ತೆ ಇಟ್ರಿ ಅತ್ತೆ. ನನ್ನನ್ನ ಒಂದು ಮಾತು ಕೇಳಲಿಲ್ಲ."

"ಇಟ್ಟೆ. ಇಟ್ಟದ್ದನ್ನ ಬಿಡಿಸ್ಕೋಬಹುದು. ಪೊಲೀಸಿನವರು ಎತ್ಕೊಂಡು ಹೋದ್ರೆ ಯಾರ ಹತ್ರ ಬಿಡಿಸ್ಕೊಳ್ಳೋದು?" ಅಜ್ಜಿಯ ದನಿಯಲ್ಲೂ ಧೈರ್ಯ ಇರಲಿಲ್ಲ. "ತಪ್ಪು ಮಾಡಿದ್ದರೂ ಮಾಡಿರಬಹುದು. ಸೋಮವಾರ ಅಂದಳು. ಕೇಳಿ ಬರೋಷ್ಟು ಹೊತ್ತಿರಲಿಲ್ಲ ನನಗೆ."

ಮೊಮ್ಮಗಳು ಪುಸ್ತಕ ಮಡಿಚಿದಳು. ಅಪ್ಪ ಬರದಿದ್ದರೆ ತಾನು ಪರೀಕ್ಷೆಯನ್ನೇ ಬರೆಯುವುದಿಲ್ಲ ಅಂದಳು. ಅದಕ್ಕೆ ಅವರಪ್ಪ, ಅವತ್ತಿನ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ, ಓದು ಅಂತ ಗದರಿದ. ಗದರಿದ ಮೇಲೆ ಬಂದು ಅವಳ ಪುಸ್ತಕವನ್ನು ತಾನೇ ಬಿಚ್ಚಿಟ್ಟ.

ಹುಡುಗಿ ಇನ್ನೂ ಬಾಗಿಲಲ್ಲೇ ಇದ್ದಳು, ಚಪ್ಪಲಿ ಬಿಟ್ಟಿರಲಿಲ್ಲ.

"ನಮ್ಮ ಆಫೀಸಿಗೆ ಬರಬೇಡಿ ಸರ್," ಅಂದಳು. "ನಾಳೆ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಬ್ಯಾಂಕಿಗೇ ಹೋಗಿ. ನಿಮ್ಮನ್ನ ಕೆಲಸದಿಂದ ತೆಗೆದ ಕಾಗದ ತಗೊಂಡು ಹೋಗಿ. ಕಾರಿನ ಕೀಲಿ ಮೊದಲು ಮೇಜಿನ ಮೇಲೆ ಇಡಿ. ಕೊಡಕ್ಕಾಗೋ ಅಷ್ಟೇ ಕಂತು ಹೇಳಿ, ಹೆಚ್ಚು ಒಪ್ಕೋಬೇಡಿ. ತಾವಾಗಿ ಬಂದವರ ಫೈಲನ್ನ ಸಾಮಾನ್ಯವಾಗಿ ಪೊಲೀಸಿಗೆ ಕಳಿಸಲ್ಲ."

"ನಿನ್ನೆ ತನಕ ಅಣ್ಣ ಅಂತಿದ್ದೆ."

"ಅಣ್ಣ ಅಂದವರ ಹತ್ರ ಎಲ್ಲ ವಸೂಲಿ ಮಾಡಿದೀನಿ ಸರ್," ಅಂದಳು ಹುಡುಗಿ.

ಊಟಕ್ಕೆ ಯಾರೂ ಕರೆಯಲಿಲ್ಲ, ಯಾರೂ ಕೂರಲೂ ಇಲ್ಲ. ಅಜ್ಜಿ ಹುರುಳಿಕಾಯಿ ಪಲ್ಯದ ಬಾಣಲೆಯನ್ನು ಹಾಗೇ ಮುಚ್ಚಿಟ್ಟಳು.

ಮರುದಿನ ಮಗ ಬೆಳಗ್ಗೆ ಹೋದವನು ನಾಲ್ಕು ಗಂಟೆಗೆ ಬಂದ, ಬಸ್ಸಿನಲ್ಲಿ. ಮೂರು ಗಂಟೆ ಬೆಂಚಿನ ಮೇಲೆ ಕಾಯಿಸಿದರಂತೆ. ಕಾರು ಅವರ ಪಾಲಾಯಿತು. ಉಳಿದದ್ದು ನಾಲ್ಕು ವರ್ಷದ ಕಂತು. ಅರ್ಧ ತೀರುವ ತನಕ ದೇಶ ಬಿಡುವಂತಿಲ್ಲ, ಕೆಲಸ ಹಿಡಿಯಲು ಅಡ್ಡಿಯಿಲ್ಲ, ಒಳಗೆ ಹಾಕುವುದಿಲ್ಲ. ಇಷ್ಟನ್ನು ಅವನು ಹೆಂಡತಿಗೆ ಹೇಳಿದ. ತಾಯಿ ಅಲ್ಲೇ ಕೂತಿದ್ದರೂ ಆಕೆಯ ಕಡೆ ನೋಡಿ ಹೇಳಲಿಲ್ಲ.

ಹನ್ನೊಂದು ದಿನ ಹಾಗೇ ನಡೆಯಿತು. ಮಗನಿಗೆ ಚಹಾ ಬೇಕಾದರೆ ಮಗಳಿಗೆ ಹೇಳುತ್ತಿದ್ದ, ಮಗಳು ಅಜ್ಜಿಗೆ ಹೇಳುತ್ತಿದ್ದಳು. "ಅಜ್ಜಿ, ಅಪ್ಪನಿಗೆ ಚಹಾ ಅಂತೆ." "ಸಕ್ಕರೆ ಎಷ್ಟು ಅಂತ ಕೇಳು." "ಅಪ್ಪ, ಸಕ್ಕರೆ ಎಷ್ಟು ಅಂತೆ." ಮೂರನೆಯ ದಿನಕ್ಕೆ ಮೊಮ್ಮಗಳು ಬೇಸತ್ತು, ನನಗೆ ಪರೀಕ್ಷೇಲಿ ಇದಕ್ಕೆಲ್ಲ ಮಾರ್ಕ್ಸ್ ಕೊಡಲ್ಲ, ನೀವೇ ಮಾತಾಡ್ಕೊಳ್ಳಿ ಅಂದಳು. ಆದರೂ ಮಾತಾಡಲಿಲ್ಲ. ಅವನು ದಿನಾ ಅವಳನ್ನು ಎರಡು ಬಸ್ಸು ಬದಲಾಯಿಸಿ ಪರೀಕ್ಷೆಗೆ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಕೂತಿದ್ದು ಕರೆತರುತ್ತಿದ್ದ. ಅಲ್ಲೇ ಎದುರಿಗೆ ಹಳೆ ಏಸಿ ರಿಪೇರಿಯ ಒಂದು ಅಂಗಡಿ. ಕೂತು ಕೂತು ಸಾಕಾಗಿ ಅಂಗಡಿಯವನಿಗೆ ಒಂದು ದಿನ ಕೈ ಸಹಾಯ ಮಾಡಿದ, ಎರಡನೆಯ ದಿನವೂ ಮಾಡಿದ. ನಾಲ್ಕನೆಯ ದಿನ ಅಂಗಡಿಯವನೇ ಕೆಲಸಕ್ಕೆ ಬಾ ಅಂದ. ನಲವತ್ತು ಜನರ ಮೇಸ್ತ್ರಿ ಬೇರೆಯವರ ಏಣಿ ಹತ್ತಿ ಧೂಳು ತೆಗೆಯುವ ಕೆಲಸ. ಸಂಬಳ ಮೊದಲಿನದ್ದರ ಮೂರರಲ್ಲಿ ಒಂದು ಪಾಲು.

ಮನೆಯನ್ನು ಹುಡುಗಿ ತನ್ನ ಆಫೀಸಿನ ಇಬ್ಬರು ಗೆಳತಿಯರ ಜೊತೆ ವಹಿಸಿಕೊಳ್ಳುವುದು, ಮಗ ಮೀಸೆಯ ಕೋಣೆ ಸೇರುವುದು ಅಂತ ಸೊಸೆಯೇ ಕೂತು ಹೊಂದಿಸಿದಳು. ಹುಡುಗಿಯೊಡನೆ ಮಾತಾಡುವಾಗ ಮುಖ ಗಂಟು ಹಾಕಿಕೊಂಡೇ ಮಾತಾಡಿದಳು. ಆದರೆ ಕುಕ್ಕರ್ ಮಾರುವುದಿಲ್ಲ, ಇಲ್ಲೇ ಬಿಟ್ಟು ಹೋಗುತ್ತೇನೆ, ಮೂರು ಕೂಗಿಗೆ ಬೇಳೆ ಬೇಯುತ್ತದೆ ಅಂತಲೂ ಹೇಳಿದಳು.

ಬುಧವಾರ ಪರೀಕ್ಷೆ ಮುಗಿಸಿ ಬಂದ ಮೊಮ್ಮಗಳು ಯೂನಿಫಾರ್ಮ್ ಬದಲಾಯಿಸದೆಯೇ ಹೊರಟಳು. ಮೀಸೆ ಯಾರದೋ ವ್ಯಾನು ತಂದಿದ್ದ. ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವಾಗ ಅಜ್ಜಿ ತನ್ನ ಪೆಟ್ಟಿಗೆಗೆ ಕೈ ಹಾಕಿದಳು. ಮಗ ಮೊದಲೇ ಹಿಡಿ ಹಿಡಿದಿದ್ದ.

"ಏನು ತುಂಬಿದೀಯ ಇದರಲ್ಲಿ, ಕಲ್ಲಾ?" ಅಂದ.

ಹನ್ನೊಂದು ದಿನದ ಮೇಲೆ ಕೇಳಿದ ಮಾತು. ಅವನು ಆಗಲೇ ಪೆಟ್ಟಿಗೆಯನ್ನು ತಳ್ಳುಗಾಡಿಯ ಮೇಲಿಟ್ಟು ಹಗ್ಗ ಬಿಗಿಯುತ್ತಿದ್ದ. ಎರಡು ಸಲ ಬಿಗಿದ. ಮೂರನೆಯ ಸಲ ಬಿಚ್ಚಿ ಮತ್ತೆ ಬಿಗಿದ.

"ಕಣ್ಣಿಗೆ ಡ್ರಾಪ್ಸ್ ಹಾಕ್ಕೋ," ಅಂದ. "ಮರೀಬೇಡ."

ಕೌಂಟರಿನವನು ಕಂಪ್ಯೂಟರ್ ನೋಡಿದ, ಅಜ್ಜಿಯನ್ನು ನೋಡಿದ. ಮೂರು ಸಲ ಠಸ್ಸೆ ಒತ್ತಿದ. ಯಾರನ್ನೂ ಪಕ್ಕಕ್ಕೆ ಬನ್ನಿ ಅನ್ನಲಿಲ್ಲ. ಮೊಮ್ಮಗಳು ಗಾಜಿನ ಬಾಗಿಲಲ್ಲಿ ತಿರುಗಿ ನಿಂತಳು. ಆಚೆ ಅವಳಪ್ಪ ಕೈ ಎತ್ತಿದ್ದ. ಅವಳು ನೋಡುವಷ್ಟು ಹೊತ್ತೂ ಅವನು ಅಲ್ಲೇ ಇದ್ದ.

ಒಳಗೆ ಸಾಲು ಕುರ್ಚಿಗಳಲ್ಲಿ ಕೂತ ಮೇಲೆ ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅತ್ತೆಯ ಕಡೆ ತಿರುಗಲಿಲ್ಲ, ಆದರೆ ನೀರಿನ ಬಾಟಲಿಯನ್ನು ಆಕೆಯ ಕಡೆ ಸರಿಸಿದಳು. ವಿಮಾನ ಒಂದೂವರೆ ಗಂಟೆ ತಡ ಅಂತ ಹೇಳಿದರು. ಕಾಯುತ್ತ ಕೂತಿದ್ದಾಗ ಅಜ್ಜಿಯ ಫೋನು ಸದ್ದು ಮಾಡಿತು.

"ಅಮ್ಮಾ, ಊಟ ಆಯ್ತಾ?"

ಅಜ್ಜಿ ಸುಮ್ಮನೆ ಕಾದಳು. ಅದರ ಹಿಂದೆ ಬರಬೇಕಾದ ಮಾತು ಬರಲಿಲ್ಲ. ಕೀಲಿಯ ಸದ್ದಿಲ್ಲ, ಬೇರೆ ಹುಡುಗಿಯರ ಗಲಗಲವಿಲ್ಲ. ಎಲ್ಲೋ ಕುಕ್ಕರ್ ಒಂದು ಸಲ ಕೂಗಿತು.

"ಇಲ್ಲಮ್ಮ, ಇನ್ನೂ ಇಲ್ಲ," ಅಂದಳು. "ಅವನು ಬಂದನಾ?"

"ಈಗ ಬಂದ್ರು, ತಮ್ಮ ಹಾಸಿಗೆ ತಗೊಂಡು ಹೋಗಕ್ಕೆ. ಡಬ್ಬಿ ಕಟ್ಟಿಕೊಡ್ತೀನಿ ಇರಿ ಅಂದೆ. ಬೇಡ ಅಂದ್ರು." ಹುಡುಗಿ ದನಿ ತಗ್ಗಿಸಿದಳು. "ಬೇಡ ಅಂದವರು ಇನ್ನೂ ಬಾಗಿಲಲ್ಲೇ ನಿಂತಿದಾರೆ ಅಮ್ಮ. ಏನು ಮಾಡ್ಲಿ?"

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇನ್ನೆರಡು ಕೂಗು ಕಾಯಿ," ಅಂದಳು. "ಆಮೇಲೆ ತಟ್ಟೆ ಇಡು. ಕೂತ್ಕೋತಾನೆ. ನೀನೂ ಕೂತ್ಕೊಂಡು ತಿನ್ನು."